ನೆಲ ಕಾಣದ ಮನೆ

ಆ ಊರಿನಲ್ಲಿ ಮಕ್ಕಳು ಐದು ವರ್ಷ ತುಂಬುವವರೆಗೆ ನಡೆಯುವುದಿಲ್ಲ. ಕಾಲಿಲ್ಲವೆಂದಲ್ಲ. ಕಾಲಿಡಲು ನೆಲವಿಲ್ಲ.

ದಿನಾ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ತರುವವನು ಬರುತ್ತಾನೆ. ಬೆನ್ನ ಮೇಲೆ ಗೋಣಿಚೀಲ, ಚೀಲದ ತುಂಬ ಕಾಗದ. ಪ್ರತಿ ಬಾಗಿಲಲ್ಲಿ ನಿಂತು ಮೊದಲು ಒಂದು ಹೆಸರು ಕೂಗುತ್ತಾನೆ. ಆಮೇಲೆ, "ಹೆಸರು ಬಂದಿದೆ" ಎನ್ನುತ್ತಾನೆ. ಮನೆಯವರು ಹೊಸ್ತಿಲ ಒಳಗೆ ನಿಂತು, "ಬರಲಿ" ಎನ್ನುತ್ತಾರೆ. ಎರಡೂ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಒಳಗೆ ಇಡುತ್ತಾರೆ. ಹೆಸರು ಬಂದಿದೆ. ಬರಲಿ. ಹೆಸರು ಬಂದಿದೆ. ಬರಲಿ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮಧ್ಯಾಹ್ನವೆಲ್ಲ ಇದೇ ಸದ್ದು.

ಕಾಗದದಲ್ಲಿ ಇರುವುದೇನು? ಸೀರೆ ಅಗ್ಗವಾಗಿದೆ, ಬನ್ನಿ. ಹಾಸಿಗೆ ಮೆತ್ತಗಿದೆ, ಮಲಗಿ. ಇಂದೇ ಕೊನೆಯ ದಿನ ಎಂದು ಮುನ್ನೂರು ದಿನಗಳಿಂದ ಬರೆಯುತ್ತಿದ್ದಾರೆ. ನಿಮಗೊಬ್ಬರಿಗೇ ಎಂದು ಊರಿಗೆಲ್ಲ ಬರೆದಿದ್ದಾರೆ. ಅದನ್ನು ಯಾರೂ ಓದುವುದಿಲ್ಲ. ಓದುವುದು ಮೇಲಿನ ಹೆಸರನ್ನು ಮಾತ್ರ.

ಹೆಸರಿರುವ ಕಾಗದ ಎಂದರೆ ಆ ಮನುಷ್ಯನೇ ಎಂಬುದು ಊರಿನ ಕಟ್ಟಳೆ. ಅದನ್ನು ಹರಿಯುವಂತಿಲ್ಲ, ಸುಡುವಂತಿಲ್ಲ. ಹೊಸ್ತಿಲು ದಾಟಿಸಿ ಹೊರಗೆ ಹಾಕುವಂತಿಲ್ಲ. ಹಾಕಿದರೆ ಆ ಹೆಸರಿನವರೂ ಹಿಂದೆಯೇ ಹೊರಟುಹೋಗುತ್ತಾರೆ. ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ಹೆಸರು ಇಡುವಂತಿಲ್ಲ, ಒಮ್ಮೆ ಇಟ್ಟ ಹೆಸರನ್ನು ಆ ಜಾಗದಿಂದ ಸರಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರಿನ ಮೇಲೆ ಕಾಲಿಡುವಂತಿಲ್ಲ.

ಆದ್ದರಿಂದ ದೊಡ್ಡವರು ಕಾಗದಗಳ ನಡುವೆ ಪಾದದಷ್ಟು ಅಗಲದ ಸಂದು ಬಿಟ್ಟುಕೊಂಡು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತಾರೆ. ಬಯಲಿಗೆ ಹೋದರೂ ಅಡ್ಡಡ್ಡವೇ ನಡೆಯುತ್ತಾರೆ. ಅದನ್ನೇ ನಡಿಗೆ ಎಂದುಕೊಂಡಿದ್ದಾರೆ. ಸಂದು ನೋಡಿ ಕಾಲಿಡುವ ಬುದ್ಧಿ ಬರುವವರೆಗೆ ಮಕ್ಕಳು ಸೊಂಟದ ಮೇಲೆ. ಬೀದಿಯಲ್ಲಾದರೂ ಇಳಿಸಬಹುದಲ್ಲ ಎಂದರೆ ಅದಕ್ಕೂ ಕಟ್ಟಳೆ ಇದೆ: ಮೊದಲ ಹೆಜ್ಜೆ ಹುಟ್ಟಿದ ಮನೆಯ ನೆಲದ ಮೇಲೆ ಬೀಳಬೇಕು. ಮೊದಲು ಬೀದಿ ಮೆಟ್ಟಿದ ಕಾಲು ಬೀದಿಯ ಪಾಲು.

ಆ ಊರಿನ ಒಂದು ಮನೆಯಲ್ಲಿ ಅತ್ತೆ, ಅತ್ತೆಯ ಮಗ, ಸೊಸೆ, ಹದಿನೆಂಟು ತಿಂಗಳ ಹೆಣ್ಣುಕೂಸು ಇದ್ದರು. ಇದ್ದವರು ನಾಲ್ಕು ಜನ. ಹೆಸರು ಬರುತ್ತಿದ್ದುದು ಐದು ಜನಕ್ಕೆ. ಮಾವ ತೀರಿಕೊಂಡು ಆರು ವರ್ಷವಾಗಿತ್ತು, ಆದರೆ ಬೀದಿಗೆಲ್ಲ ಹೆಚ್ಚು ಕಾಗದ ಬರುತ್ತಿದ್ದುದು ಅವರಿಗೇ. ಎರಡು ಅಂಗಿಯಲ್ಲಿ ವರ್ಷ ಕಳೆಯುತ್ತಿದ್ದ ಮನುಷ್ಯನಿಗೆ ಈಗ ಹೊಸ ಹಲ್ಲು ಕಟ್ಟಿಸಿಕೊಳ್ಳಿ, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳಿ, ಬೆಟ್ಟದ ತಪ್ಪಲಿನಲ್ಲಿ ಸೈಟು ತೆಗೆದುಕೊಳ್ಳಿ ಎಂದು ದಿನಾ ಕರೆ. ಅವರ ಕಾಗದ ಹಿಂದಿನ ಕೋಣೆಯಲ್ಲಿ ತೊಲೆ ಮುಟ್ಟಿ, ನಡುಮನೆಗೆ ಹರಿದು, ತಲೆಬಾಗಿಲವರೆಗೆ ನೆಲವೆಲ್ಲ ಹಾಸಿಕೊಂಡಿತ್ತು.

"ಬದುಕಿದ್ದಾಗ ಒಂದು ಮೂಲೇಲಿ ಕೂತಿರ್ತಿದ್ದರಂತೆ," ಎಂದಳು ಸೊಸೆ. "ಈಗ ನೋಡಿ, ಇಡೀ ಮನೆಗೆ ಕಾಲು ಚಾಚಿದ್ದಾರೆ."

ಅತ್ತೆ ತಲೆ ಎತ್ತದೆ ಅಕ್ಕಿ ಆರಿಸುತ್ತಿದ್ದಳು. ಕಲ್ಲು ಸಿಕ್ಕಿತೋ ಏನೋ, ಒಂದನ್ನು ತೆಗೆದು ಜೋರಾಗಿ ಆಚೆ ಎಸೆದಳು.

ಒಂದು ಬೆಳಗ್ಗೆ ಸೂಲಗಿತ್ತಿ ಬಂದಳು. ಆ ಬೀದಿಯ ಮಕ್ಕಳನ್ನೆಲ್ಲ ಹೊರಗೆಳೆದ ಕೈ ಅವಳದು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಾದ ಒತ್ತಿದಳು, ಕಣಕಾಲು ಒತ್ತಿದಳು, ಮಂಡಿ ಮಡಚಿ ಬಿಡಿಸಿದಳು. ಮತ್ತೆ ಒತ್ತಿದಳು.

"ಇದೇನು ಕಾಲೋ ಬೆಣ್ಣೆಯೋ," ಎಂದಳು.

"ಎಲ್ಲ ಮಕ್ಕಳದ್ದೂ ಹಾಗೇ ಅಲ್ವಾ ಅವ್ವಾ?"

"ಅಲ್ಲ. ಬೇರೆ ಮಕ್ಕಳು ಐದಕ್ಕೆ ಇಳಿದು, ಕುಂಟಿಕೊಂಡಾದರೂ ನಡೀತಾವೆ. ಇದರ ಮೂಳೆ ಅಷ್ಟು ದಿನ ಕಾಯೋದಿಲ್ಲ. ಹುಣ್ಣಿಮೆಯೊಳಗೆ ನೆಲ ಮುಟ್ಟಿ, ತನ್ನ ಭಾರ ತಾನು ಹೊತ್ತರೆ ಸರಿ. ಇಲ್ಲವಾದರೆ ನಿನ್ನ ಸೊಂಟವೇ ಇದಕ್ಕೆ ಕಾಲು. ನೀನಿರೋವರೆಗೆ."

"ಹುಣ್ಣಿಮೆಗೆ ಎಷ್ಟು ದಿನ?"

"ಒಂಬತ್ತು."

ಸೂಲಗಿತ್ತಿ ಎದ್ದು, ಸಂದು ನೋಡಿಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹೋದಳು. ಸೊಸೆ ಮನೆಯ ನೆಲವನ್ನು ನೋಡಿದಳು. ಕೂಸು ಕಾಲು ಅಗಲಿಸಿ ನಿಂತು ಹೆಜ್ಜೆ ಹಾಕುವಷ್ಟು ಜಾಗ ಎಲ್ಲಿಯೂ ಇರಲಿಲ್ಲ.

ಅಂದು ಮಧ್ಯಾಹ್ನ ತರುವವನು ಬಂದ. ಕೂಸಿನ ಹೆಸರು ಕೂಗಿದ.

"ಹೆಸರು ಬಂದಿದೆ."

ಸೊಸೆ ಕೈ ಹಿಂದೆ ಕಟ್ಟಿಕೊಂಡು ನಿಂತಳು. "ವಾಪಸ್ ತಗೊಂಡು ಹೋಗಣ್ಣ. ನಮಗೆ ಬೇಡ."

ತರುವವನು ಅವಳ ಕೈ ಎಲ್ಲಿ ಹೋಯಿತು ಎಂದು ಹುಡುಕುವವನ ಹಾಗೆ ಬಗ್ಗಿ ನೋಡಿದ. "ತಗೊಂಡು ಹೋಗೋದು ನನಗೆ ಗೊತ್ತಿಲ್ಲ ತಾಯಿ. ತರೋದಷ್ಟೇ ಗೊತ್ತು."

"ಬಂದ ದಾರೀಲೇ ಹೋಗು. ಹೊಸ ದಾರಿ ಏನು ಬೇಕಾಗಿಲ್ಲ."

ಅವನು ಹೋಗಲಿಲ್ಲ. ಕಾಗದ ಚಾಚಿಕೊಂಡು ಬಿಸಿಲಲ್ಲಿ ನಿಂತ. ಬೆವರು ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಇಳಿಯಿತು. ಚಾಚಿದ ತೋಳು ನಡುಗತೊಡಗಿತು. ಹಿಂದಿನ ಮನೆಗಳಲ್ಲಿ "ಬರಲಿ" ಮುಗಿದಿತ್ತು, ಮುಂದಿನ ಮನೆಗಳಲ್ಲಿ "ಬರಲಿ" ಇನ್ನೂ ಶುರುವಾಗಿರಲಿಲ್ಲ. ಬೀದಿ ಅಷ್ಟು ಸುಮ್ಮನಾದದ್ದನ್ನು ಯಾರೂ ಕಂಡಿರಲಿಲ್ಲ. ಒಂದೊಂದೇ ಬಾಗಿಲಿಂದ ತಲೆಗಳು ಹೊರಬಂದವು.

ಅತ್ತೆ ಒಳಗಿಂದ ಬಂದು ಸೊಸೆಯನ್ನು ಭುಜದಿಂದ ತಳ್ಳಿ ಎರಡೂ ಕೈ ಚಾಚಿದಳು.

"ಬರಲಿ," ಎಂದಳು. "ಇವಳ ಬಾಯಿ ಹಾಗೇ ಕಣಪ್ಪ. ಮನಸ್ಸಿಗೆ ಹಾಕ್ಕೋಬೇಡ."

ತರುವವನು ತೋಳು ತಿಕ್ಕಿಕೊಂಡ. ಸೊಸೆ ಬಿಡಲಿಲ್ಲ. "ನನ್ನ ಕೂಸಿನ ಹೆಸರು ನಿನಗೆ ಯಾರು ಹೇಳಿದರು?"

"ಕೊಡದ ಹೆಸರು ನನ್ನ ಚೀಲಕ್ಕೆ ಬರಲ್ಲ ತಾಯಿ. ಸಂತೆಬೀದಿ ಹಿಂದೆ ಹೆಸರಿನ ಕೋಣೆ ಇದೆ. ಅಲ್ಲಿ ಕೇಳಿ."

ಹೆಸರಿನ ಕೋಣೆ ವಾರಕ್ಕೊಂದು ದಿನ ತೆರೆಯುವುದು. ನಾಲ್ಕು ದಿನ ಕಾಯಬೇಕಾಯಿತು. ಆ ನಾಲ್ಕು ದಿನ ಸೊಸೆ ಕೂಸಿನ ಪಾದವನ್ನು ತನ್ನ ಅಂಗೈಯ ಮೇಲೆ ನಿಲ್ಲಿಸಿಕೊಂಡು ಒತ್ತಿ ಹಿಡಿದಳು. ಅಂಗೈ ನೆಲವಲ್ಲ. ಕೂಸು ಕುಸಿದು ನಗುತ್ತಿತ್ತು.

ಹೊರಡುವ ಬೆಳಗ್ಗೆ ಗಂಡ ಹೇಳಿದ: "ಯಾಕೆ ಬೇಕು? ಊರಿಗೇ ಇಲ್ಲದ ತೊಂದರೆ ನಿನಗೊಬ್ಬಳಿಗೆ."

"ರೀ, ಬಾಗಿಲಿಂದ ಆ ಗೋಡೆವರೆಗೆ ಒಂದು ಸಲ ನೆಟ್ಟಗೆ ನಡೆದು ತೋರಿಸಿ. ಆಮೇಲೆ ಬುದ್ಧಿ ಹೇಳೋರಂತೆ."

ಗಂಡ ಬಾಗಿಲು ನೋಡಿದ, ಗೋಡೆ ನೋಡಿದ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಒಳಗೆ ಹೋದ.

ಆ ಊರಿನ ಪ್ರತಿ ಅಂಗಡಿಯ ಮುಂದೆ ಒಂದು ಅದೃಷ್ಟದ ಪೆಟ್ಟಿಗೆ ಇದೆ. ಸೀರೆ ಅಂಗಡಿ, ಪಾತ್ರೆ ಅಂಗಡಿ, ಎಣ್ಣೆ ಅಂಗಡಿ, ಎಲ್ಲ ಕಡೆ. ಚೀಟಿಯಲ್ಲಿ ಹೆಸರು, ಮನೆ, ಬೀದಿ ಬರೆದು ಹಾಕಿದರೆ ಒಂದು ದಿನ ಬೆಳ್ಳಿಯ ಆನೆ ಬರುತ್ತದೆ ಎನ್ನುತ್ತಾರೆ. ಇದುವರೆಗೆ ಯಾರ ಮನೆಗೂ ಆನೆ ಬಂದಿಲ್ಲ. ಆದರೆ ಚೀಟಿ ಹಾಕಿದವರಿಗೆಲ್ಲ ಒಂದು ಸ್ಟೀಲಿನ ಚಮಚ ಖಂಡಿತ. ಜನ ತಮ್ಮ ಹೆಸರು ಬರೆಯುತ್ತಾರೆ. ಒಂದಕ್ಕಿಂತ ಎರಡು ವಾಸಿ ಎಂದು ಗಂಡನ ಹೆಸರು ಬರೆಯುತ್ತಾರೆ. ಮಕ್ಕಳ ಹೆಸರು ಬರೆಯುತ್ತಾರೆ. ಕೈಗೆ ಹೆಸರು ಸಿಕ್ಕಿದರೆ ಸಾಕು. ಆ ಊರಿನಲ್ಲಿ ಬಾಯಿಗಿಂತ ಚಮಚ ಜಾಸ್ತಿ.

ಹೆಸರಿನ ಕೋಣೆ ಉದ್ದಕ್ಕೆ ಇತ್ತು. ಪೆಟ್ಟಿಗೆಗಳನ್ನೆಲ್ಲ ಅಲ್ಲಿ ತಂದು ಸುರಿದಿದ್ದರು. ಚೀಟಿಯ ರಾಶಿಯ ನಡುವೆ ಒಬ್ಬಳೇ ಒಬ್ಬಳು ಬರೆಯುವವಳು ಕೂತು, ಚೀಟಿ ನೋಡಿ ಕಾಗದದ ಮೇಲೆ ಹೆಸರು ಬರೆಯುತ್ತಿದ್ದಳು. ನೋಡುತ್ತಾಳೆ, ಬರೆಯುತ್ತಾಳೆ, ಪಕ್ಕಕ್ಕೆ ಹಾಕುತ್ತಾಳೆ. ನೋಡುತ್ತಾಳೆ, ಬರೆಯುತ್ತಾಳೆ, ಪಕ್ಕಕ್ಕೆ ಹಾಕುತ್ತಾಳೆ.

"ನಮ್ಮ ಮನೆಯ ಚೀಟಿ ತೋರಿಸಕ್ಕಾ," ಎಂದಳು ಸೊಸೆ.

ಬರೆಯುವವಳು ತಲೆ ಎತ್ತದೆ ಒಂದು ಕಟ್ಟು ಮುಂದೆ ತಳ್ಳಿದಳು. ಸೊಸೆ ಬಿಚ್ಚಿದಳು. ಕೂಸಿನ ಹೆಸರಿನ ನಲವತ್ತು ಚೀಟಿ. ಎಲ್ಲದರ ಮೇಲೂ ಹಪ್ಪಳ ಲಟ್ಟಿಸಿದ ಹಾಗೆ ದುಂಡನೆಯ ಅಕ್ಷರ. ಡಬ್ಬಿಗಳ ಮೇಲೆ ತೊಗರಿ, ಉದ್ದು ಎಂದು ದಿನಾ ನೋಡುತ್ತಿದ್ದ ಅಕ್ಷರ. ಅತ್ತೆಯದು.

ಅದರ ಕೆಳಗೆ ಮಾವನ ಹೆಸರು. ಆ ಚೀಟಿಗಳಿಗೆ ಕೊನೆಯಿರಲಿಲ್ಲ. ಅವೂ ಅದೇ ಕೈಯವು.

"ಇವರು ತೀರಿಕೊಂಡಿದ್ದಾರೆ."

"ಚೀಟೀಲಿ ಹಾಗೆ ಬರೆದಿಲ್ಲ," ಎಂದಳು ಬರೆಯುವವಳು.

"ಇವನ್ನೆಲ್ಲ ತೆಗೆದುಹಾಕು."

"ನೀನು ಬರೆದದ್ದಾ?"

"ಅಲ್ಲ."

"ಕೊಟ್ಟ ಕೈಯೇ ಬಂದು ಗೀಟು ಎಳೀಬೇಕು. ಬೇರೆಯವರು ಎಳೆದರೆ ನಿಲ್ಲೋದಿಲ್ಲ." ಅವಳು ಕಿವಿಯ ಹಿಂದಿನಿಂದ ಒಂದು ಕೆಂಪು ಪೆನ್ಸಿಲ್ ತೆಗೆದು ತೋರಿಸಿದಳು. "ಇದು ಅದಕ್ಕೇ ಇಟ್ಟಿರೋದು. ನಾನು ಇಲ್ಲಿಗೆ ಬಂದಾಗ ಎಷ್ಟು ಉದ್ದ ಇತ್ತೋ ಈಗಲೂ ಅಷ್ಟೇ ಉದ್ದ ಇದೆ. ಯಾರೂ ಬರಲ್ಲ."

ಹುಣ್ಣಿಮೆಗೆ ಐದು ದಿನ ಉಳಿದಿತ್ತು.

ಸೊಸೆ ಮನೆಗೆ ಬಂದು ಕೂಸನ್ನು ಇಳಿಸಲು ಜಾಗವಿಲ್ಲದೆ ಸೊಂಟದ ಮೇಲೆ ಇಟ್ಟುಕೊಂಡೇ ಕೇಳಿದಳು. "ಅತ್ತೆ, ಸತ್ತವರ ಹೆಸರನ್ನು ಯಾಕೆ ಬರೆದು ಹಾಕ್ತಿದ್ದೀರಿ? ಇನ್ನೆಷ್ಟು ಚಮಚ ಬೇಕು ನಿಮಗೆ?"

ಅತ್ತೆ ಒಲೆಯ ಮುಂದೆ ಕೂತಿದ್ದಳು. ತಿರುಗಲಿಲ್ಲ.

"ಕೂಸು ನಡೀಬೇಕು ಅತ್ತೆ. ಐದು ದಿನ ಇದೆ. ನೀವು ಬಂದು ಒಂದು ಗೀಟು ಎಳೆದರೆ ಹೊಸ ಕಾಗದ ಬರೋದು ನಿಲ್ಲುತ್ತೆ. ಇರೋದನ್ನ ನಾನು ಹೇಗೋ ಮಾಡ್ತೀನಿ."

"ಹೇಗೋ ಅಂದರೆ? ಬೀದಿಗೆ ಹಾಕ್ತೀಯಾ? ನನ್ನ ಗಂಡನ್ನ ಬೀದಿಗೆ ಹಾಕ್ತೀಯಾ?"

"ನಿಮ್ಮ ಗಂಡ ಇದಲ್ಲ. ಇದು ಹಲ್ಲಿನ ಡಾಕ್ಟರದ್ದು."

ಅತ್ತೆ ಆಗ ತಿರುಗಿದಳು. ಬೆಂಕಿಯ ಬೆಳಕು ಅವಳ ಒಂದು ಕೆನ್ನೆಯ ಮೇಲೆ ಮಾತ್ರ ಬಿದ್ದಿತ್ತು.

"ಮದುವೆಯಾಗಿ ಮೂವತ್ತೊಂದು ವರ್ಷ ಅವರ ಜೊತೆ ಇದ್ದೆ. ಒಂದು ದಿನ ಅವರ ಹೆಸರು ಹೇಳಿಲ್ಲ. ಹೆಂಗಸರು ಗಂಡನ ಹೆಸರು ಹೇಳೋ ಹಾಗಿಲ್ಲ ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ರೀ ಅಂದೆ, ಇವರೇ ಅಂದೆ, ಇವನ ಅಪ್ಪ ಅಂದೆ. ಅವರು ಹೋದರು. ನಿನ್ನ ಗಂಡ ಅಪ್ಪನ ಹೆಸರು ಎತ್ತೋದಿಲ್ಲ. ಊರವರು ಮರೆತರು. ಒಂದು ವರ್ಷ, ಒಂದು ಪೂರ್ತಿ ವರ್ಷ ಈ ಮನೇಲಿ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಎಣ್ಣೆ ಅಂಗಡಿ ಮುಂದೆ ಚೀಟಿ ಹಿಡ್ಕೊಂಡು ನಿಂತಿದ್ದೆ. ಬಾಯಲ್ಲಿ ಹೇಳೋ ಹಾಗಿಲ್ಲ, ಬರೆಯೋ ಹಾಗಿಲ್ಲ ಅಂತ ನಮ್ಮವ್ವ ಹೇಳಿರಲಿಲ್ಲ. ಬರೆದೆ. ಮೂರನೇ ದಿನ ಮಧ್ಯಾಹ್ನ ಬಾಗಿಲಲ್ಲಿ ನಿಂತು ಆ ತರುವವನು ಅವರ ಹೆಸರು ಕೂಗಿದ."

ಒಲೆಯ ಮೇಲಿನ ಪಾತ್ರೆ ಉಕ್ಕಿತು. ಯಾರೂ ನೋಡಲಿಲ್ಲ.

"ಜೋರಾಗಿ ಕೂಗಿದ ಕಣೆ. ಅವರು ಒಳಗಿದ್ದಾರೇನೋ ಅನ್ನೋ ಹಾಗೆ."

"ಕೂಸಿನ ಹೆಸರು?"

"ಅವರು ಇವಳನ್ನ ನೋಡಲಿಲ್ಲವಲ್ಲ. ಅವರ ಹೆಸರು ಕೂಗಿದ ಮೇಲೆ ಇವಳದ್ದೂ ಕೂಗಲಿ, ಒಟ್ಟಿಗೆ ಕೇಳಲಿ ಅಂತ."

ಸೊಸೆಗೆ ನಾಲಿಗೆಯ ತುದಿಯಲ್ಲಿ ಮಾತಿತ್ತು. ನುಂಗಬೇಕಿತ್ತು. ನುಂಗಲಿಲ್ಲ. "ಸರಿ ಹಾಗಾದರೆ. ಮಾವನವರು ಕಾಲು ಚಾಚಿಕೊಂಡು ಆರಾಮಾಗಿ ಮಲಗಿರಲಿ. ಕೂಸನ್ನ ಮೊಳೆ ಹೊಡೆದು ಗೋಡೆಗೆ ನೇತುಹಾಕೋಣ."

ಅತ್ತೆ ಮತ್ತೆ ಒಲೆಯ ಕಡೆ ತಿರುಗಿದಳು. ಗಂಡ ಇಬ್ಬರ ನಡುವೆ ಅಡ್ಡಡ್ಡ ಓಡಾಡಿದ. ಮಧ್ಯಾಹ್ನಗಳು ಬಂದವು. ಹೆಸರು ಬಂದಿದೆ. ಬರಲಿ. ಹೆಸರು ಬಂದಿದೆ. ಬರಲಿ. ಬಿಟ್ಟುಕೊಂಡಿದ್ದ ಸಂದುಗಳೂ ಒಂದೊಂದಾಗಿ ತುದಿಗಾಲು ಹಿಡಿಯುವಷ್ಟಕ್ಕೆ ಕಿರಿದಾದವು. ನಾಲ್ಕು ದಿನ. ಮೂರು. ಕೂಸಿನ ಪಾದ ಅಂಗೈಯ ಮೇಲೂ ನಿಲ್ಲುವುದನ್ನು ಬಿಟ್ಟಿತು. ಎರಡು. ಒಂದು.

ಹುಣ್ಣಿಮೆಯ ದಿನ ಬೆಳಗ್ಗೆ ಸೊಸೆ ತಲೆ ಬಾಚಿಕೊಂಡಳು. ಕೂಸಿಗೆ ನೀರು ಹಾಕಿ, ಬೇರೆ ಲಂಗ ತೊಡಿಸಿದಳು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ನಡುಮನೆಯ ಹಿಂಭಾಗದ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅಲ್ಲಿಂದ ತಲೆಬಾಗಿಲವರೆಗೆ ಮಾವನ ಹೆಸರು. ಹಲ್ಲಿನ ಮಾವ, ಎಣ್ಣೆಯ ಮಾವ, ಸೈಟಿನ ಮಾವ. ಅವಳು ಬಗ್ಗಿ ಕೂಸನ್ನು ಕೆಳಗೆ ಇಳಿಸತೊಡಗಿದಳು.

"ಏನು ಮಾಡ್ತಿದ್ದೀಯಾ?" ಎಂದ ಗಂಡ.

"ಇಳಿಸ್ತಿದ್ದೀನಿ."

"ಅಪ್ಪನ ಮೇಲೆ!"

"ಬೇರೆ ಎಲ್ಲಿ ಇಳಿಸಲಿ, ಹೇಳಿ. ಇದರ ತಾತನೇ ತಾನೆ. ಮೊಮ್ಮಗಳು ಎದೆ ತುಳಿದರೆ ಯಾವ ತಾತನೂ ಬೈಯಲ್ಲ."

ಆದರೆ ಅವಳು ಗೇಣು ಗೇಣಾಗಿ, ನಿಧಾನಕ್ಕೆ ಇಳಿಸುತ್ತಿದ್ದಳು. ಅವಳೂ ಆ ಊರಿನಲ್ಲೇ ಹುಟ್ಟಿದವಳು. ಕಾಲು ತಾಗಿದ ಕಾಗದವನ್ನು ಸಾವಿರ ಸಲ ಎತ್ತಿ ಕಣ್ಣಿಗೆ ಒತ್ತಿಕೊಂಡವಳು.

ಅತ್ತೆ ಪಕ್ಕದಲ್ಲೇ ಇದ್ದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಇಳಿಯುತ್ತಿದ್ದ ಎರಡು ಪುಟ್ಟ ಪಾದಗಳನ್ನು ನೋಡಿದಳು. ಪಾದಗಳ ಕೆಳಗಿದ್ದ ಹೆಸರನ್ನು ನೋಡಿದಳು. ಒಂದು ಗೇಣು. ಅರ್ಧ ಗೇಣು. ಎರಡೇ ಬೆರಳು. ಹಿಡಿದರೆ ಕೂಸನ್ನು ಹಿಡಿಯಬೇಕು, ಇಲ್ಲವೇ ಕಾಗದವನ್ನು. ಎರಡನ್ನೂ ಹಿಡಿಯುವ ಹೊತ್ತಿರಲಿಲ್ಲ.

ಅತ್ತೆ ಧಡಕ್ಕನೆ ಕುಕ್ಕರಗಾಲಲ್ಲಿ ಕೂತು ಕಾಗದ ಸೆಳೆದಳು.

ಕೂಸಿನ ಪಾದ ನೆಲ ಮುಟ್ಟಿತು. ಕಪ್ಪು ನೆಲ, ತಣ್ಣಗಿನ ನೆಲ. ಕೂಸು ಬೆರಳು ಮುದುರಿಕೊಂಡಿತು. ಬಿಚ್ಚಿತು. ಮಂಡಿ ಎರಡೂ ಕಡೆಗೆ ಅಲುಗಿತು. ಸೊಸೆ ಕಂಕುಳ ಕೆಳಗಿನಿಂದ ಕೈ ಪೂರ್ತಿ ತೆಗೆಯಲಿಲ್ಲ, ಪೂರ್ತಿ ಹಿಡಿಯಲೂ ಇಲ್ಲ. ಕೂಸು ನಿಂತಿತು. ಆಮೇಲೆ ಒಂದು ಕಾಲು ಎತ್ತಿತು.

ಮುಂದೆ ಮತ್ತೆ ಮಾವನ ಹೆಸರು.

"ಸರ್ಕೊಳ್ಳಿ," ಎಂದಳು ಅತ್ತೆ.

ಯಾರಿಗೆ ಹೇಳಿದಳೆಂದು ಗಂಡ ಸುತ್ತ ನೋಡಿದ. ಅತ್ತೆ ಅದನ್ನೂ ಎಳೆದು ಎದೆಗೆ ಅಪ್ಪಿಕೊಂಡಳು. ಕಾಲು ನೆಲಕ್ಕೆ ಬಿತ್ತು. ಇನ್ನೊಂದು ಕಾಲು ಎದ್ದಿತು. "ಸರ್ಕೊಳ್ಳಿ, ಕೂಸು ಬರ್ತಿದೆ." ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಅಡ್ಡ ಮಲಗಿದ ಗಂಡನಿಗೆ, ಕಸಬರಿಕೆ ಹಿಡಿದು ನಿಂತ ಹೆಂಡತಿ ಹೇಳುವ ಹಾಗೆ. ಮೊದಲು ಮೆಲ್ಲಗೆ. ಆಮೇಲೆ ಸ್ವಲ್ಪ ಗದರಿ. "ಸರ್ಕೊಳ್ಳಿ ಅಂದ್ನಲ್ಲ. ಇನ್ನೂ ಆಚೆ. ಇನ್ನೂ." ಕಾಗದ ಎದ್ದಿತು, ಕಾಲು ಬಿತ್ತು. ಕಾಗದ ಎದ್ದಿತು, ಕಾಲು ಬಿತ್ತು. ಅತ್ತೆ ಹಿಂದೆ ಹಿಂದೆ ಸರಿಯುತ್ತಾ ತಲೆಬಾಗಿಲವರೆಗೆ ಬಂದಳು. ಹಿಂಭಾಗದ ಗೋಡೆಯಿಂದ ಅವಳ ಕಾಲಬುಡದವರೆಗೆ ಒಂದು ಕಪ್ಪು ದಾರಿ ಬಿದ್ದಿತ್ತು, ನೆಟ್ಟಗೆ.

ಆಗ ಹೊಸ್ತಿಲ ಆಚೆ ತರುವವನು ಬಂದು ನಿಂತ. ಮಾವನ ಹೆಸರು ಕೂಗಿದ. ಜೋರಾಗಿ ಕೂಗಿದ.

"ಹೆಸರು ಬಂದಿದೆ."

ಅತ್ತೆಯ ತೋಳು ತುಂಬ ಕಾಗದ. ಗಲ್ಲದಿಂದ ಒತ್ತಿ ಹಿಡಿದಿದ್ದಳು. ಬಾಯಿ ತೆರೆದಳು. ಬರಲಿ ಎನ್ನುತ್ತಾಳೆಂದು ಸೊಸೆಗೆ ಅನ್ನಿಸಿತು.

"ಅವರು ಇಲ್ಲಪ್ಪ," ಎಂದಳು ಅತ್ತೆ.

"ಎಲ್ಲಿಗೆ ಹೋದರು?"

"ಹೋಗಿ ಆರು ವರ್ಷ ಆಯ್ತು." ಆಮೇಲೆ ಅವಳು ಗಂಡನ ಹೆಸರು ಹೇಳಿದಳು. ಪೂರ್ತಿ ಹೆಸರು. ನಾಲಿಗೆಯ ಮೇಲೆ ಅದರ ರುಚಿ ನೋಡುವವಳ ಹಾಗೆ ನಿಧಾನವಾಗಿ ಹೇಳಿದಳು. ಇನ್ನೊಂದು ಸಲ ಹೇಳಿದಳು.

"ಇದನ್ನ ಏನು ಮಾಡಲಿ ಅವ್ವಾ?" ತರುವವನು ಕೈಯಲ್ಲಿದ್ದ ಕಾಗದ ತಿರುಗಿಸಿ ಮುರುಗಿಸಿ ನೋಡಿದ.

"ನನ್ನ ಕೈ ಖಾಲಿ ಇಲ್ಲ. ನೀನೇ ನೋಡ್ತಿದ್ದೀಯಲ್ಲ."

ಅವನು ತುಂಬ ಹೊತ್ತು ಯೋಚಿಸಿದ. ಕಾಗದವನ್ನು ಚೀಲದೊಳಗೆ ಹಾಕಿದ. ಹೊರಗೆ ತೆಗೆದ. ಮತ್ತೆ ಹಾಕಿದ. ಮುಂದಿನ ಮನೆಗೆ ಹೋಗುವಾಗ ತಿರುಗಿ ತಿರುಗಿ ನೋಡುತ್ತಿದ್ದ.

ಅತ್ತೆ ಹೊಸ್ತಿಲು ದಾಟಿದಳು. ಆ ಬೀದಿಯಲ್ಲಿ ಹೆಸರು ಹೊತ್ತು ಹೊಸ್ತಿಲು ದಾಟಿದವರನ್ನು ಯಾರೂ ನೋಡಿರಲಿಲ್ಲ. ಎದುರು ಮನೆಯವಳು ನಾಲ್ಕು ವರ್ಷದ ಮಗಳನ್ನು ಸೊಂಟದಲ್ಲಿ ಇಟ್ಟುಕೊಂಡು ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಹೆಸರಿನ ಕೋಣೆ ಇವತ್ತು ಮುಚ್ಚಿರುತ್ತೆ ಅತ್ತೆ," ಎಂದಳು ಸೊಸೆ.

"ಬಾಗಿಲಲ್ಲಿ ಕೂತಿರ್ತೀನಿ. ತೆರೆದಾಗ ತೆರೀಲಿ. ಇವರನ್ನ ಕಳಿಸಿಯೇ ಬರ್ತೀನಿ."

ಇನ್ನು ಕೂಸಿನ ಕಟ್ಟು ಹೋಗಬೇಕಿತ್ತು. ಅದರ ಸರದಿ ಸೊಸೆಯದು. ಅವಳು ಕೂಸನ್ನು ಗೋಡೆಯ ಬಳಿ ಕಪ್ಪು ನೆಲದ ಮೇಲೆ ಬಿಟ್ಟು, ಮೂಲೆಯಿಂದ ಅದನ್ನು ಎತ್ತಿ ಸೊಂಟಕ್ಕಿಟ್ಟಳು. ಕೂಸಿನಷ್ಟೇ ಭಾರವಿತ್ತು. ಹೊಸ್ತಿಲ ಮೇಲೆ ಒಂದು ಕ್ಷಣ ನಿಂತಳು. ಆ ಹೆಸರಿನವರೂ ಹಿಂದೆಯೇ ಹೊರಟುಹೋಗುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಮಾವ ಹೋದದ್ದು ಸರಿ, ಅವರು ಮೊದಲೇ ಹೋಗಿದ್ದವರು. ಕೂಸು?

ದಾಟಿದಳು.

ಹಿಂದೆ ಪಟ ಪಟ ಸದ್ದಾಯಿತು. ತಿರುಗಿ ನೋಡಿದರೆ ಕೂಸು ಹಿಂದೆಯೇ ಬರುತ್ತಿತ್ತು. ಎರಡೂ ಕೈ ಮೇಲೆತ್ತಿ, ಕುಡಿದವನ ಹಾಗೆ ತೂರಾಡುತ್ತಾ, ಕಪ್ಪು ದಾರಿಯುದ್ದಕ್ಕೂ ನೆಟ್ಟಗೆ ಬರುತ್ತಿತ್ತು. ಹೊಸ್ತಿಲಿಗೆ ಕಾಲು ತಾಗಿತು. ಕೂಸು ಮುಖ ಅಡಿಯಾಗಿ ಬೀದಿಗೆ ಬಿತ್ತು.

ಆ ಊರಿನಲ್ಲಿ ಯಾರೂ ಇಷ್ಟು ಚಿಕ್ಕ ಮಗು ಬೀಳುವುದನ್ನು ಕಂಡಿರಲಿಲ್ಲ. ನಡೆಯದ ಮಕ್ಕಳು ಬೀಳುವುದು ಹೇಗೆ? ಕಟ್ಟಳೆ ಬಂದು ಕೂಸನ್ನು ಕೆಡವಿತು ಎಂದೇ ಎಲ್ಲರೂ ತಿಳಿದರು. ಗಂಡ ಒಳಗಿನಿಂದ ಕೂಗಿಕೊಂಡ. ಎದುರು ಮನೆಯವಳು ಕಣ್ಣು ಮುಚ್ಚಿದಳು. ಬೀದಿಯ ತಿರುವಿನಲ್ಲಿ ಅತ್ತೆ ನಿಂತುಬಿಟ್ಟಳು.

ಸೊಸೆ ಎತ್ತಿಕೊಳ್ಳಲಿಲ್ಲ. ಕೈ ಮುಂದೆ ಹೋಗುತ್ತಿತ್ತು, ಕಾಗದದ ಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದು ನಿಂತಳು.

ಕೂಸು ಅತ್ತಿತು. ಅಳುತ್ತಲೇ ತಲೆ ಎತ್ತಿ ಯಾರಾದರೂ ಎತ್ತಿಕೊಳ್ಳುತ್ತಾರಾ ಎಂದು ನೋಡಿತು. ಯಾರೂ ಬರಲಿಲ್ಲ. ಆಮೇಲೆ ಎರಡೂ ಅಂಗೈ ಮಣ್ಣಿಗೆ ಊರಿ, ಮೊದಲು ಕುಂಡೆ ಎತ್ತಿತು, ಆಮೇಲೆ ತಲೆ ಎತ್ತಿತು. ನಿಂತಿತು. ಮಂಡಿ ತರಚಿ ರಕ್ತ ಜಿನುಗುತ್ತಿತ್ತು.

ಎದುರು ಮನೆಯವಳು ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹತ್ತಿರ ಬಂದಳು. ಆ ಮಂಡಿಯನ್ನೇ ನೋಡಿದಳು. ಬಹಳ ಹೊತ್ತು ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

"ಬಿದ್ದರೆ ಇಷ್ಟೇನಾ ಆಗೋದು?"

"ಇಷ್ಟೇ," ಎಂದಳು ಸೊಸೆ. ಕೂಸು ಅಷ್ಟರಲ್ಲಿ ಅಜ್ಜಿ ಹೋದ ಕಡೆಗೆ ಹೊರಟಿತ್ತು.